ಕೊನೆಯವಳ ನೀರು

ನನ್ನ ಮೇಜಿನ ಮೇಲೆ, ಕಾಗದ ಹಾರದಂತೆ ಹೇರಿಟ್ಟಿರುವ ವಸ್ತುವನ್ನು ನೋಡಿದವರೆಲ್ಲ ಕಲ್ಲು ಎಂದುಕೊಳ್ಳುತ್ತಾರೆ. ತಪ್ಪಿಲ್ಲ. ಕಲ್ಲಿನ ಬಣ್ಣ, ಕಲ್ಲಿನ ತೂಕ, ತಟ್ಟಿದರೆ ಕಲ್ಲಿನದೇ ಸದ್ದು. ಆದರೆ ಅದು ರೊಟ್ಟಿಯ ತುಂಡು. ಅದರ ನೆತ್ತಿಯ ಮೇಲೆ ಒಂದು ಬಸವನಹುಳು ಕೂತಿದೆ. ಜೀವದ್ದಲ್ಲ, ಮರದ ಅಚ್ಚಿನಿಂದ ಒತ್ತಿದ್ದು. ಚಿಪ್ಪಿನ ಸುರುಳಿ ಸ್ವಲ್ಪ ಸೊಟ್ಟ. ಇಷ್ಟು ವರ್ಷಗಳಲ್ಲಿ ಇಲಿ ಇದಕ್ಕೆ ಬಾಯಿ ಹಾಕಲಿಲ್ಲ, ಇರುವೆ ಇದರ ಹತ್ತಿರ ಸುಳಿಯಲಿಲ್ಲ. ಒಮ್ಮೆ ಮಿತ್ರರೊಬ್ಬರು ಕೈಯಲ್ಲೆತ್ತಿ ನೋಡಿ, "ನಿಮ್ಮ ಬರಹಕ್ಕಿಂತ ಇದಕ್ಕೇ ತೂಕ ಜಾಸ್ತಿ ಕಣ್ರೀ," ಎಂದರು. ಅವರು ತಮಾಷೆಗೆ ಹೇಳಿದರು. ನಾನು ನಿಜವೆಂದೇ ಕೇಳಿಸಿಕೊಂಡೆ.

ನಮ್ಮ ಇಟಲಿ ದೇಶ ನಕ್ಷೆಯಲ್ಲಿ ಬೂಟಿನ ಆಕಾರದಲ್ಲಿದೆ ಎಂಬುದು ಶಾಲೆಗೆ ಹೋದವರಿಗೆಲ್ಲ ಗೊತ್ತು. ನಮ್ಮ ಊರು ಆ ಬೂಟಿನೊಳಗೆ ಸೇರಿಕೊಂಡ ಹರಳಿನಂಥದ್ದು. ನಡೆಯುವವನಿಗೆ ಚುಚ್ಚುತ್ತದೆ, ನೋಡುವವನಿಗೆ ಕಾಣುವುದಿಲ್ಲ. ಗುಡ್ಡದ ನೆತ್ತಿಯಲ್ಲಿ ಒಂದು ಗಂಟೆಗೋಪುರ, ಒಂದು ಪುರಭವನ, ಇಕ್ಕಟ್ಟಾದ ನಾಲ್ಕು ಬೀದಿ, ಎಲ್ಲಕ್ಕೂ ನಡುವೆ ಒಂದು ಒಲೆ. ಕಣಿವೆಯಾಚೆ ರೈಲು ನಿಲ್ಲುವ ದೊಡ್ಡ ಪಟ್ಟಣವಿತ್ತು. ಅಲ್ಲಿಗೆ ಹೋಗುವ ರೈಲು ನಮ್ಮನ್ನು ಕಂಡು ಶಿಳ್ಳೆಯನ್ನೂ ಹಾಕುತ್ತಿರಲಿಲ್ಲ.

ಆ ಊರಿನಲ್ಲಿ ನಾನು ನಾಲ್ಕು ಪುಟದ ಒಂದು ವಾರಪತ್ರಿಕೆ ನಡೆಸುತ್ತಿದ್ದೆ. ಸಂಪಾದಕ, ಮುದ್ರಕ, ಸೀಸದ ಅಕ್ಷರದ ಮೊಳೆ ಜೋಡಿಸುವವ, ತಪ್ಪು ಮಾಡುವವ, ತಿದ್ದುವವ ಎಲ್ಲ ನಾನೇ. ಚಪ್ಪಟೆ ಪಾದವೆಂದು ಸೈನ್ಯ ನನ್ನನ್ನು ವಾಪಸು ಕಳಿಸಿತ್ತು. ಚೂಪು ನಾಲಿಗೆಯೆಂದು ಊರು ಇಟ್ಟುಕೊಂಡಿತ್ತು. ಮೊದಲ ಮೂರು ಪುಟದಲ್ಲಿ ಯುದ್ಧದ ಸುದ್ದಿ ಇರುತ್ತಿತ್ತು, ಅದನ್ನು ಯಾರೂ ನಂಬುತ್ತಿರಲಿಲ್ಲ. ಕೊನೆಯ ಪುಟದಲ್ಲಿ ನನ್ನ ಹಾಸ್ಯದ ಅಂಕಣ, ಅದನ್ನು ಎಲ್ಲರೂ ನಂಬುತ್ತಿದ್ದರು. ಆಗ ಅದು ನನಗೆ ಹೆಮ್ಮೆಯ ವಿಷಯವಾಗಿತ್ತು.

ಒಲೆಯ ವಿಷಯ ಹೇಳದೆ ಮುಂದೆ ಹೋಗುವಂತಿಲ್ಲ. ಒಲೆಯೆಂದರೆ ಅಡುಗೆಮನೆಯದಲ್ಲ, ಊರಿಗೆಲ್ಲ ಸೇರಿದ ಒಂದು ಕಲ್ಲಿನ ಗುಮ್ಮಟ. ರೊಟ್ಟಿಯೂ ಕೈಯಲ್ಲಿ ತಟ್ಟುವ ತೆಳು ರೊಟ್ಟಿಯಲ್ಲ. ದಿಂಬಿನಷ್ಟು ದಪ್ಪ, ಒಂದು ಸಂಸಾರಕ್ಕೆ ಮೂರು ದಿನ ಬರುತ್ತದೆ. ಮಂಗಳವಾರ, ಶುಕ್ರವಾರ ಬೆಳಿಗ್ಗೆ ಹೆಂಗಸರು ಮನೆಯಲ್ಲೇ ಹಿಟ್ಟು ಕಲಸಿ, ಉಬ್ಬಿಸಿ, ಅದರ ನೆತ್ತಿಗೆ ತಮ್ಮ ಮನೆಯ ಮರದ ಅಚ್ಚು ಒತ್ತಿ, ಹಲಗೆಯ ಮೇಲಿಟ್ಟು ತಲೆಯ ಮೇಲೆ ಹೊತ್ತು ತರುತ್ತಿದ್ದರು. ಒಂದು ಮನೆಗೆ ಹುಂಜ, ಒಂದು ಮನೆಗೆ ಬಾಚಣಿಗೆ, ಒಂದು ಮನೆಗೆ ಬೀಗದ ಕೈ. ಬೆಂದ ಮೇಲೆ ಯಾರ ರೊಟ್ಟಿ ಯಾರದೆಂದು ಜಗಳ ಬೀಳಬಾರದೆಂದು ಈ ಅಚ್ಚುಗಳು. ಅಚ್ಚಿಲ್ಲದ ಹಿಟ್ಟನ್ನು ಒಲೆಯವನು ಮುಟ್ಟುತ್ತಿರಲಿಲ್ಲ.

ಒಲೆಯವನ ಹೆಸರು ವೆನಾಂಜಿಯೊ. ಮಾತು ಕಡಿಮೆ, ಕಟ್ಟುನಿಟ್ಟು ಜಾಸ್ತಿ. ಮೊದಲು ಬಂದವಳ ರೊಟ್ಟಿ ಎಲ್ಲಕ್ಕಿಂತ ಒಳಗೆ, ಕೊನೆಗೆ ಬಂದವಳದು ಬಾಯಿಯ ಹತ್ತಿರ. ಆಮೇಲೆ ಕಬ್ಬಿಣದ ಬಾಗಿಲು ಮುಚ್ಚಿ, ಕಾವು ಸೋರದಂತೆ ಸುತ್ತಲೂ ಹಸಿ ಮಣ್ಣು ಮೆತ್ತಬೇಕು. ಮಣ್ಣು ಕಲಸುವ ನೀರು ತರುವುದು ಕೊನೆಯ ರೊಟ್ಟಿಯವಳ ಕೆಲಸ. ಒಲೆಯ ಜಗಲಿಯ ಪಕ್ಕದಿಂದಲೇ ಇಪ್ಪತ್ತೆರಡು ಮೆಟ್ಟಿಲು ಇಳಿದರೆ ಬಂಡೆಯಲ್ಲಿ ಕೊರೆದ ನೀರಿನ ತೊಟ್ಟಿ. ಅಲ್ಲಿಂದ ತಾಮ್ರದ ಕೊಡದಲ್ಲಿ ತರಬೇಕು. ಅದಕ್ಕೆ 'ಕೊನೆಯವಳ ನೀರು' ಎಂದೇ ಹೆಸರು. ತಡವಾಗಿ ಎದ್ದವಳಿಗೆ ಊರು ಕೊಡುತ್ತಿದ್ದ ಶಿಕ್ಷೆ ಅದು. ಇನ್ನೊಂದು ಕಟ್ಟಳೆಯೂ ಇತ್ತು, ಯಾರೂ ಬರೆದಿಟ್ಟದ್ದಲ್ಲ: ಮಣ್ಣು ಮೆತ್ತುವವರೆಗೆ ಯಾವ ಹೆಂಗಸೂ ಜಗಲಿ ಬಿಟ್ಟು ಕದಲುವಂತಿಲ್ಲ. ಕದಲಿದರೆ ಅವಳ ರೊಟ್ಟಿಯನ್ನು ಇನ್ನೊಬ್ಬಳು ಬಿಸಿ ಕಡಿಮೆಯಿದ್ದ ಕಡೆಗೆ ಸರಿಸಿಬಿಟ್ಟಾಳೆಂಬ ಗುಮಾನಿ. ಒಬ್ಬರ ಹೆರಿಗೆಗೆ ಇನ್ನೊಬ್ಬರು ಓಡಿ ಬರುತ್ತಿದ್ದ ಹೆಂಗಸರೇ ಅವರು. ರೊಟ್ಟಿಯ ವಿಷಯದಲ್ಲಿ ಮಾತ್ರ ಒಬ್ಬರನ್ನೊಬ್ಬರು ನಂಬುತ್ತಿರಲಿಲ್ಲ.

ಯುದ್ಧ ಹತ್ತಿರವಾದಾಗ ಪುರಾಧ್ಯಕ್ಷರು ಗೋಪುರದ ಮೇಲೆ ಸೈರನ್ ಹಾಕಿಸಿದರು. ವಿಮಾನಗಳು ರೈಲು ಪಟ್ಟಣದ ಕಡೆ ಹೋಗುವಾಗಲೆಲ್ಲ ಅದು ಕೂಗುತ್ತಿತ್ತು. ಜನ ಮೊದಲ ವಾರ ಓಡಿದರು, ಎರಡನೆಯ ವಾರ ನಡೆದರು, ಮೂರನೆಯ ವಾರ ಕಿಟಕಿಯಿಂದ ಇಣುಕಿದರು. ನಾಲ್ಕನೆಯ ವಾರ ನಾನು ಬರೆದೆ: "ನಮ್ಮ ಪುರಾಧ್ಯಕ್ಷರು ಗೋಪುರದ ಮೇಲೆ ಹೊಸ ಕೋಳಿಯೊಂದನ್ನು ಸಾಕಿದ್ದಾರೆ. ದಿನಕ್ಕೆರಡು ಸಲ ಕೂಗುತ್ತದೆ. ಇಂದಿನವರೆಗೆ ಒಂದು ಮೊಟ್ಟೆ ಇಟ್ಟಿಲ್ಲ. ಅಂಚೆಯವನೇ ದಾರಿ ಕೇಳಿಕೊಂಡು ಬರುವ ಊರಿಗೆ ವಿಮಾನ ಹೇಗೆ ತಾನೆ ಬಂದೀತು?"

ಊರು ನಕ್ಕಿತು. ಹೆಂಗಸರು ಒಲೆಯ ಮುಂದೆ ಅದನ್ನು ಓದಿಸಿ ಕೇಳಿದರು. ಸೈರನ್ ಕೂಗಿದರೆ ಸಾಕು, "ಏನಮ್ಮಾ, ಮೊಟ್ಟೆ ಬಂತಾ ನೋಡು," ಎಂದು ಒಬ್ಬರಿಗೊಬ್ಬರು ಹೇಳಿಕೊಳ್ಳುವುದು ವಾಡಿಕೆಯಾಯಿತು.

ಒಂದು ಮಂಗಳವಾರ ಕೋಳಿ ಮೊಟ್ಟೆ ಇಟ್ಟಿತು.

ಅದು ಬೆಳಗಿನ ಹೊತ್ತು. ನನ್ನ ಅಚ್ಚುಕೂಟ ನೆಲಮಾಳಿಗೆಯಲ್ಲಿತ್ತು. ಓಡಬೇಡಿ ಎಂದು ಊರಿಗೆಲ್ಲ ಹೇಳಿದವನು ಊರಿನ ಅತ್ಯಂತ ಗಟ್ಟಿಯಾದ ಚಾವಣಿಯ ಕೆಳಗೆ ಕೂತು ಮೊಳೆ ಜೋಡಿಸುತ್ತಿದ್ದೆ. ಸದ್ದು ಕಿವಿಗೆ ಬರಲಿಲ್ಲ, ಕಾಲಿಗೆ ಬಂತು. ಮೊಳೆಗಳೆಲ್ಲ ಗೂಡಿನಿಂದ ಹಾರಿ ನೆಲಕ್ಕೆ ಚೆಲ್ಲಿದವು. ಮೇಲೆ ಬಂದಾಗ ಬೀದಿಯಿರಲಿಲ್ಲ. ಬೀದಿಯಿದ್ದ ಜಾಗದಲ್ಲಿ ಬಿಳಿ ಧೂಳು ನಿಂತಿತ್ತು. ವಿಮಾನದವರು ರೈಲು ಪಟ್ಟಣದ ಮೇಲೆ ಹಾಕಿ ಉಳಿದ ಬಾಂಬುಗಳನ್ನು ವಾಪಸು ಹೊತ್ತೊಯ್ಯುವುದೇಕೆಂದು ನಮ್ಮ ಮೇಲೆ ಇಳಿಸಿ ಹೋದರಂತೆ, ಆಮೇಲೆ ತಿಳಿಯಿತು.

ಮರುದಿನದ ಹೊತ್ತಿಗೆ ಊರವರೇ ಕೈಯಲ್ಲಿ ಕಲ್ಲು ತೆಗೆದು ಒಲೆಯ ಜಗಲಿಯಿಂದ ಹನ್ನೊಂದು ಹೆಂಗಸರನ್ನೂ ವೆನಾಂಜಿಯೊನನ್ನೂ ಹೊರತಂದರು. ಯಾರೂ ಬದುಕಿರಲಿಲ್ಲ. ಸೈರನ್ ಕೂಗಿದ ಮೇಲೂ ಅವರು ಜಗಲಿ ಬಿಟ್ಟಿರಲಿಲ್ಲ. ಬಾಗಿಲಿಗೆ ಇನ್ನೂ ಮಣ್ಣು ಮೆತ್ತಿರಲಿಲ್ಲ ಅಂತ ಕಾಣುತ್ತದೆ, ಎಂದು ಜನ ಊಹಿಸಿದರು. ಒಲೆಯ ಗುಮ್ಮಟವೂ ಪಕ್ಕದ ಕಟ್ಟಡವೂ ಕಲ್ಲುರಾಶಿಯಡಿ ಮುಚ್ಚಿಹೋಗಿದ್ದವು. ಸತ್ತವರು ಸಿಕ್ಕಿದರು, ಇನ್ನು ಅಲ್ಲಿ ಅಗೆಯುವುದೇನಿದೆ ಎಂದು ಜನ ಸರಿದರು.

ಒಬ್ಬಳು ಮಾತ್ರ ಸರಿಯಲಿಲ್ಲ. ಅವಳು ಎರ್ಸಿಲಿಯಾ.

ಎರ್ಸಿಲಿಯಾ ಗಾರೆಯವನ ವಿಧವೆ. ಗಂಡ ಸತ್ತ ಮೇಲೆ ಅವನ ಕರಣೆಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಊರಿನ ಅರ್ಧ ಗೋಡೆಗಳನ್ನು ತಾನೇ ಮೆತ್ತಿದವಳು. ಅವಳ ನಾಲಿಗೆಯೂ ಕರಣೆಯ ಥರ. ಎಲ್ಲಿ ಉಬ್ಬು ಕಂಡರೂ ತಟ್ಟಿ ಸಮ ಮಾಡುತ್ತಿತ್ತು. ಮಗ ತುಲ್ಲಿಯೊ ಯುದ್ಧಕ್ಕೆ ಹೋಗಿ ವರ್ಷವಾಗಿತ್ತು, ಕಾಗದವಿರಲಿಲ್ಲ. ಮನೆಯಲ್ಲಿ ಉಳಿದವರು ಅವಳು ಮತ್ತು ಅವಳ ಸೊಸೆ ನೆರೀನಾ. ಇಬ್ಬರೂ ದಿನಾ ಜಗಳವಾಡುತ್ತಿದ್ದರು. ಜಗಳಕ್ಕೆ ಕಾರಣ ತುಲ್ಲಿಯೊ ಆಗಿರಬಹುದು, ಆದರೆ ಅವನ ಹೆಸರು ಅದರಲ್ಲಿ ಬರುತ್ತಿರಲಿಲ್ಲ. ಹಿಟ್ಟು, ಉಪ್ಪು, ಜರಡಿ ಇಷ್ಟೇ ಬರುತ್ತಿದ್ದವು.

ನೆರೀನಾ ಕಾಣೆಯಾಗಿದ್ದಳು. ಜಗಲಿಯಲ್ಲಿ ಸಿಕ್ಕ ಹನ್ನೊಂದು ಹೆಂಗಸರಲ್ಲಿ ಅವಳಿರಲಿಲ್ಲ.

ಮೂರನೆಯ ದಿನ ಬೆಳಿಗ್ಗೆ ಅವಶೇಷ ತೆಗೆಯುವ ದಳವೊಂದು ಬಂತು. ದಳವೆಂದರೆ ಆರು ಜನ, ಎರಡು ಹೇಸರಗತ್ತೆ, ಒಂದು ಗಾಡಿ. ಮುಖ್ಯಸ್ಥ ಬಸ್ತಿಯಾನೊ ಎಂಬ ಗಣಿ ಕೆಲಸದವನು. ಮರುದಿನ ಬೆಳಗಾದರೆ ಅವರು ರೈಲು ಪಟ್ಟಣಕ್ಕೆ ಹೋಗಬೇಕಿತ್ತು. ಚೌಕದಲ್ಲಿ ಉಳಿದ ಜನವೆಲ್ಲ ಸೇರಿದರು.

"ಮೊದಲು ಪುರಭವನ," ಎಂದರು ಪುರಾಧ್ಯಕ್ಷರು. ಊರೆಲ್ಲ ಬೆಳ್ಳಗಾಗಿದ್ದರೂ ಅವರ ಕೋಟು ಕಪ್ಪಾಗಿಯೇ ಇತ್ತು. "ಜನನ ಮರಣದ ದಾಖಲೆಯೆಲ್ಲಾ ಅದರಡಿ ಬಿದ್ದಿದೆ. ದಾಖಲೆ ಇಲ್ದೆ ಯಾರು ಸತ್ರು, ಯಾರು ಬದುಕಿದ್ದಾರೆ ಅಂತ ಹೇಗ್ರೀ ಹೇಳೋದು?"

"ನನ್ನ ಕೇಳಿ, ಹೇಳ್ತೀನಿ," ಎಂದಳು ಎರ್ಸಿಲಿಯಾ. ಅವಳ ಉಗುರುಗಳೆಲ್ಲ ಒಡೆದಿದ್ದವು. ಜನ ಸರಿದ ಮೇಲೆ ಒಬ್ಬಳೇ ಬುಟ್ಟಿ ಹಿಡಿದು ಒಲೆಯ ರಾಶಿ ಕೆದಕಿದ್ದಳು. "ಒಲೆ ಹತ್ರ ಹನ್ನೊಂದು ಹೆಂಗಸ್ರು ಸತ್ರು, ವೆನಾಂಜಿಯೊ ಸತ್ತ. ನನ್ನ ಸೊಸೆ ಬದುಕಿದ್ದಾಳೆ. ಬರ್ಕೊಳ್ಳಿ."

"ನಿಮ್ ಸೊಸೆ ತವರಿಗೆ ಹೋಗಿರ್ಬೇಕಮ್ಮ. ಹೋಗ್ತೀನಿ ಹೋಗ್ತೀನಿ ಅಂತ ಮಂಗಳವಾರ ಬೆಳಿಗ್ಗೆ ಜರಡಿ ಜಗಳದಲ್ಲಿ ಕೂಗಿದ್ದು ಬೀದಿಗೆಲ್ಲಾ ಕೇಳ್ಸಿದೆ."

"ಬೀದಿಗೆ ಕಿವಿ ಇದೆ, ತಲೆ ಇಲ್ಲ. ತವರಿಗೆ ಹೋಗೋಳು ಹಿಟ್ಟು ಯಾಕೆ ಕಲಸ್ತಾಳೆ? ಮನೇಲಿ ಹಲಗೆ ಇಲ್ಲ, ಹಲಗೆ ಮೇಲಿದ್ದ ಹಿಟ್ಟೂ ಇಲ್ಲ. ಹಿಟ್ಟು ಹೊತ್ಕೊಂಡು ಯಾರಾದ್ರೂ ಹೊಳೆ ದಾಟ್ತಾರಾ?"

ಹೊಳೆಯಾಚೆಯ ಅವಳ ತವರಿನಲ್ಲಿ ಕೇಳಿ ನೋಡುವಂತಿರಲಿಲ್ಲ. ಅದೇ ಮಂಗಳವಾರ ಸೇತುವೆ ಬಿದ್ದಿತ್ತು.

ಪುರಾಧ್ಯಕ್ಷರು ಗಂಟಲು ಸರಿಮಾಡಿಕೊಂಡು, ವಕೀಲರ ಧಾಟಿಯಲ್ಲಿ ಕೇಳಿದರು: "ನಿಮ್ ಮನೆ ಅಚ್ಚು, ಬೀಗದ ಕೈ ಅಚ್ಚು, ಅದೆಲ್ಲಿದೆ?"

ಎರ್ಸಿಲಿಯಾ ಮೊದಲ ಸಲ ತಡವರಿಸಿದಳು. "ಗೋಡೆ ಮೊಳೇಲಿ," ಎಂದಳು.

ಗುಂಪು ಉಸಿರು ಬಿಟ್ಟಿತು. ಅಚ್ಚಿಲ್ಲದೆ ಒಲೆಗೆ ಹೋಗುವ ಹೆಂಗಸು ನಮ್ಮೂರಲ್ಲಿ ಇರಲಿಲ್ಲ. ಬಸ್ತಿಯಾನೊ ಪುರಭವನದ ಕಡೆ ತಿರುಗಿ ಹೇಸರಗತ್ತೆಯ ಹಗ್ಗ ಹಿಡಿದ.

ಅಚ್ಚು ಮೊಳೆಯಲ್ಲಿದೆ ಎನ್ನುವುದು ನನಗೆ ಗೊತ್ತಾದದ್ದೇ ಆಗ. ಅಲ್ಲಿಯವರೆಗೆ ನಾನೂ ಬೀದಿಯಂತೆಯೇ ಅವಳು ತವರಲ್ಲಿದ್ದಾಳೆ ಎಂದುಕೊಂಡಿದ್ದೆ. ಆ ಎರಡು ದಿನ ನಾನು ಗುಂಪಿನ ಹಿಂದೆಯೇ ನಿಂತಿದ್ದೆ, ಯಾರ ಕಣ್ಣಿಗೂ ಬೀಳದಂತೆ. ಕೋಳಿಯ ಮಾತನ್ನು ಯಾರೂ ನನಗೆ ನೆನಪಿಸಿರಲಿಲ್ಲ. ಅದೇ ಕಷ್ಟವಾಗಿತ್ತು. ಈಗ ಮುಂದೆ ಬರಬೇಕಾಯಿತು.

"ಅವಳ ಹತ್ರ ಇನ್ನೊಂದು ಅಚ್ಚಿತ್ತು," ಎಂದೆ.

ಎರ್ಸಿಲಿಯಾ ನನ್ನನ್ನು ನೋಡಿದಳು. "ಯಾರು ಕೊಟ್ರು?"

"ನಾನು ಕೆತ್ತಿದ್ದು."

ಹಿಂದಿನ ವಾರ ನೆರೀನಾ ನನ್ನ ಅಚ್ಚುಕೂಟಕ್ಕೆ ಇಳಿದು ಬಂದಿದ್ದಳು. ಪತ್ರಿಕೆಯ ತಲೆಬರಹಗಳನ್ನು ನಾನೇ ಮರದಲ್ಲಿ ಕೆತ್ತುತ್ತೇನೆಂದು ಅವಳಿಗೆ ಗೊತ್ತಿತ್ತು. "ರೊಟ್ಟಿಗೊಂದು ಅಚ್ಚು ಬೇಕು. ಬಸವನಹುಳು," ಎಂದಳು. "ನಿಮ್ಮದು ಬೀಗದ ಕೈ ಅಲ್ವಾ?" ಎಂದದ್ದಕ್ಕೆ, "ಅದು ಅವರ ಮನೆ ಬೀಗ, ಅವರ ಕೈ. ಇವ್ರು ಬರೋತನಕ ನನ್ನ ಮನೆ ನನ್ನ ಬೆನ್ನ ಮೇಲಿರ್ಲಿ," ಎಂದಿದ್ದಳು. ಅತ್ತೆಗೆ ಹೇಳುವುದಿಲ್ಲವೆಂದು ನನ್ನಿಂದ ಮಾತು ತೆಗೆದುಕೊಂಡಿದ್ದಳು. ಬೇರೆ ಸಂಸಾರ ಹೂಡಿದ ದಿನ ಒತ್ತುತ್ತೇನೆ ಎಂದಿದ್ದಳು. ಸೋಮವಾರ ಸಂಜೆ ಅದನ್ನು ಒಯ್ದಳು. ಸುರುಳಿ ಸೊಟ್ಟಗಿದೆ ಎಂದು ಬೈದೇ ಒಯ್ದಳು.

ಇದನ್ನೆಲ್ಲ ನಾನು ಆ ಚೌಕದಲ್ಲಿ, ಅತ್ತೆಯ ಎದುರು, ಇಡೀ ಊರಿನ ಮುಂದೆ ಹೇಳಿದೆ. ಹೇಳುವಾಗ ಎರ್ಸಿಲಿಯಾಳ ಮುಖ ಮೆತ್ತಿದ ಗೋಡೆಯಂತೆ ಇತ್ತು, ಒಂದು ಬಿರುಕಿಲ್ಲ.

"ನಿನ್ನ ಆಮೇಲೆ ನೋಡ್ಕೋತೀನಿ," ಎಂದಳು. "ಈಗ ಸಲಿಕೆ ಹಿಡಿ."

ಬಸ್ತಿಯಾನೊ ಹಗ್ಗ ಬಿಟ್ಟ. "ನನ್ನ ಹತ್ರ ಇರೋದು ಒಂದು ಹಗಲು," ಎಂದ. "ಒಂದೇ ಕಡೆ ಅಗೆಯೋಕಾಗೋದು."

"ಒಂದೇ ಕಡೆ ಸಾಕು."

"ಪುರಭವನ?" ಎಂದರು ಪುರಾಧ್ಯಕ್ಷರು.

"ಅದೆಲ್ಲಿಗೂ ಓಡಿಹೋಗಲ್ಲ ಸ್ವಾಮಿ," ಎಂದು ಬಸ್ತಿಯಾನೊ ಒಲೆಯ ದಾರಿ ಹಿಡಿದ.

ಅಗೆಯುವುದನ್ನು ನಡೆಸಿದವಳು ಎರ್ಸಿಲಿಯಾ. ಗಣಿಯವರು ಬಲದಲ್ಲಿ ಕೆಲಸ ಮಾಡುವವರು, ಅವಳು ಗೋಡೆಯ ಸ್ವಭಾವ ಬಲ್ಲವಳು. "ಆ ಉದ್ದ ಕಲ್ಲು ಮುಟ್ಬೇಡ, ಅದು ಬಾಗಿಲವಾಡದ್ದು, ಅದರ ಮೇಲೆ ಉಳಿದದ್ದೆಲ್ಲಾ ಕೂತಿದೆ." "ಇಲ್ಲಿಂದ ಬಾ. ಇದು ನನ್ನ ಗಂಡ ಕಟ್ಟಿದ ಮೂಲೆ, ಬೀಳಲ್ಲ." "ಏ ಪತ್ರಿಕೆಯವ್ನೇ, ಕಲ್ಲು ಎತ್ತೋದಂದ್ರೆ ಪೆನ್ನು ಎತ್ತಿದ್ಹಾಗಲ್ಲ, ಸೊಂಟ ಬಗ್ಸು." ನಾನು ಸೊಂಟ ಬಗ್ಗಿಸಿದೆ. ಪುರಾಧ್ಯಕ್ಷರೂ ಸ್ವಲ್ಪ ಹೊತ್ತು ನೋಡುತ್ತ ನಿಂತಿದ್ದು, ಕೋಟು ಕಳಚಿ ಒಂದು ಕಂಬಕ್ಕೆ ನೇತುಹಾಕಿ, ಬುಟ್ಟಿ ಸಾಲಿಗೆ ಬಂದು ಸೇರಿಕೊಂಡರು. ಅವರ ಬಗ್ಗೆ ನಾನು ಬರೆದ ನೂರಾರು ಸಾಲುಗಳಲ್ಲಿ ಈ ಒಂದು ಸಾಲು ಇರಲೇಬೇಕಿತ್ತು.

ಮಧ್ಯಾಹ್ನದ ಹೊತ್ತಿಗೆ ಒಲೆಯ ಬಾಯಿ ಕಂಡಿತು. ಗುಮ್ಮಟಕ್ಕೆ ಒಂದು ಗೀರೂ ಬಿದ್ದಿರಲಿಲ್ಲ. ಆದರೆ ನೆರೀನಾ ಅಲ್ಲೆಲ್ಲೂ ಇರಲಿಲ್ಲ.

ಬಸ್ತಿಯಾನೊ ಬೆವರೊರೆಸಿಕೊಂಡು ಸುತ್ತ ನೋಡಿದ. ಎಡಕ್ಕೆ ಸೌದೆ ಕೊಟ್ಟಿಗೆ, ಹಿಂದೆ ಓಣಿ, ಬಲಕ್ಕೆ ತೊಟ್ಟಿಗೆ ಇಳಿಯುವ ಮೆಟ್ಟಿಲು. ಮೂರೂ ಕಡೆ ಆಳೆತ್ತರದ ರಾಶಿ. "ಅಮ್ಮಾ," ಎಂದ ಮೆಲ್ಲಗೆ, "ಮೂರು ಜಾಗ ಇದೆ, ಉಳಿದಿರೋದು ಅರ್ಧ ಹಗಲು. ಅವ್ಳು ಇಲ್ಲಿಗೆ ಬಂದಿದ್ದೇ ನಿಜವಾದ್ರೆ ಯಾವ ಕಡೆ ಅಂತ ಅಗೀಲಿ? ಸುಮ್ನೆ ಊಹೆ ಮೇಲೆ ಅಗೆಯೋಕೆ ಆಗಲ್ಲ."

"ಊಹೆ ಯಾಕೆ? ಬಾಗಿಲು ತೆಗಿ," ಎಂದಳು ಎರ್ಸಿಲಿಯಾ.

ಕಬ್ಬಿಣದ ಬಾಗಿಲು ಕಿರುಗುಟ್ಟಿ ತೆರೆಯಿತು. ಒಳಗಿನಿಂದ ಬೆಚ್ಚನೆಯ ಗಾಳಿ ಬಂತು. ಮೂರು ದಿನವಾದರೂ ಗುಮ್ಮಟ ತನ್ನ ಕಾವನ್ನು ಬಿಟ್ಟುಕೊಟ್ಟಿರಲಿಲ್ಲ. ರೊಟ್ಟಿಯ ವಾಸನೆ ನಮ್ಮ ಮುಖದ ಮೇಲೆ ಹಾದಾಗ ಬುಟ್ಟಿ ಸಾಲಿನಲ್ಲಿದ್ದವರೆಲ್ಲ ನಿಂತುಬಿಟ್ಟರು. ಸತ್ತವರು ಕಲಸಿದ ಹಿಟ್ಟು ಅವರಿಲ್ಲದೆ ಬೆಂದು, ಒಣಗಿ, ಕಲ್ಲಾಗಿ ಕೂತಿತ್ತು. ಒಳಗಿನವು ಕರ್ರಗೆ, ಬಾಯಿಯ ಕಡೆಯವು ಮಣ್ಣಿನ ಬಣ್ಣ. ಪ್ರತಿಯೊಂದರ ನೆತ್ತಿಯ ಮೇಲೂ ಅಚ್ಚು ಮಾತ್ರ ನಿನ್ನೆ ಒತ್ತಿದಂತೆ ಸ್ಪಷ್ಟ.

ಎರ್ಸಿಲಿಯಾ ಕರಣೆಯ ತುದಿಯಿಂದ ತೋರಿಸುತ್ತ ಎಣಿಸಿದಳು. ಹುಂಜ. ಬಾಚಣಿಗೆ. ಅರ್ಧಚಂದ್ರ. ಅಚ್ಚಿನ ಹೆಸರು ಹೇಳಲಿಲ್ಲ, ಮನೆಯವಳ ಹೆಸರು ಹೇಳಿದಳು. ಒಂದೊಂದು ಹೆಸರಿಗೂ ಬುಟ್ಟಿ ಸಾಲಿನಲ್ಲಿ ಯಾರೋ ಒಬ್ಬರು ತಲೆ ತಗ್ಗಿಸಿದರು. ಹನ್ನೊಂದು ಹೆಸರು ಮುಗಿದವು. ಇನ್ನೊಂದು ರೊಟ್ಟಿ ಉಳಿದಿತ್ತು.

ಅದು ಎಲ್ಲಕ್ಕಿಂತ ಈಚೆ, ಬಾಗಿಲಿಗೆ ತಾಗುವಂತೆ ಇತ್ತು. ಅದರ ಮೇಲೆ ಬಸವನಹುಳು.

"ಸುರುಳಿ ಸೊಟ್ಟಗಿದೆ," ಎಂದಳು ಎರ್ಸಿಲಿಯಾ. ಆಮೇಲೆ ಬಾಗಿಲಿನ ಅಂಚಿನ ಮೇಲೆ ಬೆರಳಾಡಿಸಿ ನೋಡಿದಳು. ಒಣ ಧೂಳಿತ್ತೇ ಹೊರತು ಮೆತ್ತಿದ ಮಣ್ಣಿನ ಗುರುತಿರಲಿಲ್ಲ. ಅವಳು ಒಂದು ಕ್ಷಣ ಕಣ್ಣು ಮುಚ್ಚಿದಳು, ತೆಗೆದಾಗ ಅವಳ ದನಿ ಬೇರೆಯಾಗಿತ್ತು. "ಅವಳದೇ ಕೊನೇ ರೊಟ್ಟಿ. ಬಾಗಿಲಿಗೆ ಮಣ್ಣು ಮೆತ್ತಿಲ್ಲ. ಅಂದ್ರೆ ನೀರು ಬಂದಿಲ್ಲ. ನೀರಿಗೆ ಹೋದೋಳು ಮೇಲೆ ಬಂದಿಲ್ಲ."

ಬಸ್ತಿಯಾನೊ ಪರಊರಿನವನು, ಅವನಿಗೆ ಅರ್ಥವಾಗಲಿಲ್ಲ. "ಯಾವ ನೀರು?"

"ಕೊನೆಯವಳ ನೀರು," ಎಂದೆವು ನಾವೆಲ್ಲ ಒಟ್ಟಿಗೆ, ಪುರಾಧ್ಯಕ್ಷರೂ ಸೇರಿ. ಅಷ್ಟರಲ್ಲಿ ಎರ್ಸಿಲಿಯಾ ಬಲಗಡೆಯ ರಾಶಿಯ ಮೇಲೆ ಹತ್ತಿಯಾಗಿತ್ತು.

ಇಪ್ಪತ್ತೆರಡು ಮೆಟ್ಟಿಲು. ಒಂದೊಂದನ್ನೂ ಕಲ್ಲಿನಿಂದ ಬಿಡಿಸಿಕೊಳ್ಳಬೇಕಾಯಿತು. ಹನ್ನೆರಡನೆಯ ಮೆಟ್ಟಿಲಲ್ಲಿ ಒಂದು ತೊಲೆ ಅಡ್ಡ ಸಿಕ್ಕಿ, ಕುಯ್ಯುವುದಕ್ಕೆ ಒಂದು ಗಂಟೆ ಹಿಡಿಯಿತು. ಗಣಿಯವನೊಬ್ಬ, "ಮೂರು ದಿನ ಆಯ್ತಲ್ಲ," ಎಂದು ತನ್ನಷ್ಟಕ್ಕೆ ಗೊಣಗಿದ. "ಕೆಳಗೆ ನೀರಿದೆ," ಎಂದಳು ಎರ್ಸಿಲಿಯಾ, ತಿರುಗಿ ನೋಡದೆ. "ನೀರಿದ್ದಲ್ಲಿ ಅವ್ಳು ಬದುಕ್ತಾಳೆ. ನನ್ನ ಜೊತೆ ಎರಡು ವರ್ಷ ಬದುಕಿದ್ದಾಳೆ, ಇದೇನು ಮಹಾ."

ಗಂಟೆಗೋಪುರದ ನೆರಳು ಚೌಕ ದಾಟುವ ಹೊತ್ತಿಗೆ, ಹದಿನೆಂಟನೆಯ ಮೆಟ್ಟಿಲ ಹತ್ತಿರ, ಬಸ್ತಿಯಾನೊ ಕೈಯೆತ್ತಿ ಎಲ್ಲರನ್ನೂ ಸುಮ್ಮನಾಗಿಸಿದ. ಕೆಳಗಿನಿಂದ ಸದ್ದು ಬರುತ್ತಿತ್ತು. ತಾಮ್ರವನ್ನು ಕಲ್ಲಿಗೆ ತಟ್ಟುವ ಸದ್ದು, ಬಿಟ್ಟು ಬಿಟ್ಟು, ಬೇಸರ ಬಂದವರು ತಟ್ಟುವ ಹಾಗೆ. ಅವನು ಹಾರೆ ಹಾಕಿ ಒಂದು ಕಲ್ಲು ಸರಿಸಿದ. ತಲೆಯಷ್ಟಗಲದ ಕತ್ತಲು ತೆರೆಯಿತು.

"ಯಾರು?" ಎಂದಿತು ಒಳಗಿನ ಸ್ವರ. ಸ್ವರ ಒಡೆದುಹೋಗಿತ್ತು.

ಎರ್ಸಿಲಿಯಾ ಆ ತೂತಿನ ಮುಂದೆ ಹೊಟ್ಟೆಯ ಮೇಲೆ ಮಲಗಿದ್ದಳು. ಮೂರು ದಿನ ಕರೆದ ಹೆಸರು ಈಗ ಬಾಯಿಗೆ ಬರಲಿಲ್ಲ. "ನಿಮ್ಮತ್ತೆ," ಎಂದಳು.

ಒಳಗೆ ತಟ್ಟುವುದು ನಿಂತಿತು. ಆಮೇಲೆ ನೆರೀನಾ ಹೇಳಿದ್ದು ಇಷ್ಟು: "ಹಿಟ್ಟು ಜರಡಿ ಹಿಡಿದೇ ಕಲಸಿದ್ದೆ."

"ಆಯ್ತು ಕಣೆ," ಎಂದಳು ಎರ್ಸಿಲಿಯಾ. "ಆಯ್ತು. ನೀನು ಹಿಡಿದಿದ್ದೆ."

ಬುಟ್ಟಿ ಸಾಲಿನಲ್ಲಿ ಯಾರೋ ನಕ್ಕರು. ಮೂರು ದಿನಗಳಲ್ಲಿ ನಮ್ಮೂರು ನಕ್ಕದ್ದು ಅದೇ ಮೊದಲು, ಮತ್ತು ಅದು ನನ್ನ ಮಾತಿಗಲ್ಲ.

ಹೊರಗೆ ಎತ್ತಿದಾಗ ನೆರೀನಾಳ ಬಲಗಾಲು ಬಾತಿತ್ತು, ಕೈಯಲ್ಲಿ ಕೊಡವಿತ್ತು. ಎಷ್ಟು ಹೇಳಿದರೂ ಬಿಡಲಿಲ್ಲ. ಕೊಡದ ತುಂಬ ನೀರಿತ್ತು. "ಅವ್ರೆಲ್ಲಾ ಕಾಯ್ತಿದ್ದಾರೆ," ಎಂದಳು. ಅವಳು ಒಬ್ಬೊಬ್ಬರ ಮುಖವನ್ನೇ ನೋಡುತ್ತ ಹೋದಳು, ಬರಬರುತ್ತ ತಾನೇ ತಿಳಿದುಕೊಂಡಳು.

ಆ ಭಾನುವಾರ ನಾನು ಎರ್ಸಿಲಿಯಾಳ ಮನೆಗೆ ಹೋದೆ. ಮನೆಯ ಒಂದು ಗೋಡೆ ಇರಲಿಲ್ಲ, ಹಾಗಾಗಿ ಬಾಗಿಲು ತಟ್ಟುವ ಕೆಲಸವಿರಲಿಲ್ಲ. ನೆರೀನಾ ಕಾಲು ಚಾಚಿ ಕೂತಿದ್ದಳು. ಎರ್ಸಿಲಿಯಾ ಕಲ್ಲಾದ ರೊಟ್ಟಿಯನ್ನು ಗರಗಸದಲ್ಲಿ ಕೊಯ್ದು, ಹಾಲಿನಲ್ಲಿ ನೆನೆಹಾಕಿ ಅವಳಿಗೆ ಕೊಡುತ್ತಿದ್ದಳು. ಬಸವನಹುಳು ಇದ್ದ ನೆತ್ತಿಯ ತುಂಡು ಪಕ್ಕದಲ್ಲಿತ್ತು.

"ಅವ್ರು ನನ್ನ ನೀರಿಗೆ ಕಾಯ್ತಾ ನಿಂತಿದ್ರು," ಎಂದಳು ನೆರೀನಾ. ಬಂದಾಗಿನಿಂದ ಅದನ್ನೇ ಹೇಳುತ್ತಿದ್ದಳಂತೆ. "ಬೇಗ ತಂದಿದ್ರೆ ಮಣ್ಣು ಮೆತ್ತಿ ಹೋಗಿರ್ತಿದ್ರು. ಸೈರನ್ ಕೂಗಿದಾಗ ನಾನಿನ್ನೂ ಮೆಟ್ಟಿಲಲ್ಲೇ ಇದ್ದೆ."

"ಜರಡಿ ಅಂತ ನಾನು ಜಗಳ ತೆಗೀದಿದ್ರೆ ನೀನು ಕೊನೆಯೋಳು ಆಗ್ತಿರ್ಲಿಲ್ಲ," ಎಂದಳು ಎರ್ಸಿಲಿಯಾ, ಗರಗಸ ನಿಲ್ಲಿಸದೆ.

ನಾನು ಐದು ದಿನದಿಂದ ಹೊತ್ತದ್ದನ್ನು ಇಳಿಸಿದೆ. "ಕೋಳಿ ಮಾತು ಬರ್ದೋನು ನಾನು. ನಾನು ಬರೀದಿದ್ರೆ ಅವ್ರು ಓಡ್ತಿದ್ರು."

ಎರ್ಸಿಲಿಯಾ ಗರಗಸ ಕೆಳಗಿಟ್ಟಳು. "ಅಷ್ಟು ದೊಡ್ಡ ಮನುಷ್ಯ ಅಂದ್ಕೋಬೇಡ," ಎಂದಳು. "ನಿನ್ನ ಮಾತು ಕೇಳ್ಕೊಂಡು ನಿಲ್ಲೋ ಹೆಂಗಸ್ರಲ್ಲ ಅವ್ರು. ರೊಟ್ಟಿ ಬಿಟ್ಟು ಹೋಗ್ಬಾರ್ದು ಅಂತ ನಿಂತ್ರು. ನೀನು ಹುಟ್ಟೋ ಮುಂಚೆಯಿಂದ್ಲೂ ಹಾಗೇ ನಿಂತಿದ್ರು." ಹಾಲಿನ ಬಟ್ಟಲನ್ನು ಸೊಸೆಯ ಕಡೆ ಸರಿಸಿದಳು. "ಆದ್ರೆ ನಗ್ತಾ ನಿಂತ್ರು. ಅದು ನಿನ್ನ ಪಾಲು. ಒಳ್ಳೇದೋ ಕೆಟ್ಟದ್ದೋ ನಂಗೊತ್ತಿಲ್ಲ, ನೀನೇ ಇಟ್ಕೋ."

ನಾನು ನೆಲಕ್ಕೆ ಬಿದ್ದ ರೊಟ್ಟಿಯ ಪುಡಿಯನ್ನು ಬೆರಳಿನಿಂದ ಒಟ್ಟುಮಾಡಿದೆ.

"ಇವ್ಳು ತಪ್ಪಲ್ಲಿ ಒಂದು ಪಾಲು ಕೇಳ್ತಾಳೆ, ನಾನೊಂದು, ನೀನೊಂದು," ಎಂದಳು. "ಮೇಲಿಂದ ಹಾಕಿದವ್ನ ಪಾಲು ಕೇಳೋಕೆ ಮಾತ್ರ ಯಾರೂ ಬರ್ತಿಲ್ಲ ನೋಡು." ಮತ್ತೆ ಗರಗಸ ಕೈಗೆತ್ತಿಕೊಂಡಳು. "ಮಂಗಳವಾರ ಒಲೆ ಹಚ್ಬೇಕು."

"ಈ ಮಂಗಳವಾರವೇ?"

"ಇನ್ಯಾವ ಮಂಗಳವಾರ? ಗುಮ್ಮಟ ನಿಂತಿದೆ, ಜನಕ್ಕೆ ಹಸಿವಿದೆ. ಹನ್ನೊಂದು ಮನೇಲಿ ಗಂಡಸ್ರು, ಮಕ್ಳು ಇದ್ದಾರೆ, ರೊಟ್ಟಿ ಇಲ್ಲ. ಅಚ್ಚೂ ಇಲ್ಲ, ಮನೆ ಜೊತೆ ಹೋದ್ವು. ನಿಂಗೆ ಕೆತ್ತೋಕೆ ಬರುತ್ತಲ್ಲ, ಕೆತ್ತು."

"ಎಲ್ಲ ಮನೆಗಳ ಅಚ್ಚು ನನಗೆ ನೆನಪಿಲ್ಲವಲ್ಲ."

"ನೆನಪು ಯಾಕೆ? ರೊಟ್ಟಿ ಇದೆಯಲ್ಲ, ನೋಡ್ಕೊಂಡು ಕೆತ್ತು. ಸುರುಳಿಗಿರುಳಿ ಸೊಟ್ಟ ಮಾಡ್ಬೇಡ."

ಹಾಗೆ ಹನ್ನೊಂದು ಕಲ್ಲುರೊಟ್ಟಿಗಳು ನನ್ನ ನೆಲಮಾಳಿಗೆಗೆ ಬಂದವು. ಒಳ್ಳೆಯ ಪೇರಳೆ ಮರ ಊರಲ್ಲಿ ಉಳಿದಿದ್ದದ್ದು ನನ್ನ ಹತ್ತಿರ ಮಾತ್ರ: ಪತ್ರಿಕೆಯ ತಲೆಬರಹಗಳು. ಯುದ್ಧದ ಗೆಲುವಿನ ದೊಡ್ಡ ದೊಡ್ಡ ಅಕ್ಷರಗಳನ್ನು ಹೆರೆದು ನುಣುಪು ಮಾಡಿದೆ. ಗೆಲುವಿನ ಹಲಗೆಯಿಂದ ಹುಂಜ ಬಂತು, ಜಯಘೋಷದಿಂದ ಬಾಚಣಿಗೆ ಬಂತು. ನನ್ನ ಅಂಕಣದ ಹೆಸರಿದ್ದ ಹಲಗೆಯನ್ನು ಕೊನೆಗೆ ತೆಗೆದುಕೊಂಡೆ. ಅದರಲ್ಲಿ ಅರ್ಧಚಂದ್ರ ಕೆತ್ತಿದೆ. ಉಳಿ ಜಾರಿ ಎರಡು ಸಲ ಕೈ ಕೊಯ್ದಿತು. ಅಚ್ಚಿನ ಮೇಲೆ ಅಚ್ಚು ಮುಗಿಸಿ ಸೋಮವಾರ ಸಂಜೆ ಹನ್ನೊಂದು ಮನೆಗೂ ಮುಟ್ಟಿಸಿದೆ. ಮನೆಯಿಲ್ಲದವರಿಗೆ ಅವರು ನಿಂತಿದ್ದ ಮರದಡಿಯಲ್ಲೇ ಕೊಟ್ಟೆ. ಎಲ್ಲರೂ ಅದನ್ನು ಬಟ್ಟೆಯಲ್ಲಿ ಸುತ್ತಿಟ್ಟುಕೊಂಡರು. ಹುಂಜದ ಮನೆಯ ಮುದುಕ ಮಾತ್ರ ಅಚ್ಚನ್ನು ಅಂಗೈಗೆ ಒತ್ತಿಕೊಂಡು, ಬಿದ್ದ ಗುರುತನ್ನು ನೋಡಿ, "ಇದರ ಜುಟ್ಟು ಇನ್ನೂ ಸ್ವಲ್ಪ ಮುಂದಿತ್ತು," ಎಂದ. ಮರುದಿನ ಬೆಳಿಗ್ಗೆಯೊಳಗೆ ಅದನ್ನೂ ಸರಿಮಾಡಿ ಕೊಟ್ಟೆ.

ಮಂಗಳವಾರ ಒಲೆ ಉರಿಯಿತು. ಜಗಲಿಗೆ ಚಾವಣಿ ಇರಲಿಲ್ಲ. ಹೊಗೆ ನೇರ ಆಕಾಶಕ್ಕೆ ಹೋಯಿತು. ರೊಟ್ಟಿಯ ಸಾಲಿನಲ್ಲಿ ಈ ಸಲ ಗಂಡಸರೂ ಇದ್ದರು, ಹಲಗೆ ಹೊರುವ ಅಭ್ಯಾಸವಿಲ್ಲದೆ ತಲೆಯ ಮೇಲೆ ಎರಡೂ ಕೈ ಇಟ್ಟುಕೊಂಡು. ವೆನಾಂಜಿಯೊನ ಜಾಗದಲ್ಲಿ ಎರ್ಸಿಲಿಯಾ ನಿಂತಿದ್ದಳು. ಮೊದಲ ರೊಟ್ಟಿ ಒಳಗೆ ಹೋಗುವ ಮುಂಚೆಯೇ ಒಲೆಯ ಬಾಯಿಯ ಪಕ್ಕದಲ್ಲಿ ತಾಮ್ರದ ಕೊಡ ತುಂಬಿ ನಿಂತಿತ್ತು. ಅದನ್ನು ತಂದವಳು ನೆರೀನಾ, ಕುಂಟುತ್ತ, ಎಲ್ಲರಿಗಿಂತ ಮೊದಲು. "ಇನ್ಮೇಲೆ ನೀರು ಮೊದ್ಲು, ರೊಟ್ಟಿ ಆಮೇಲೆ," ಎಂದು ಎರ್ಸಿಲಿಯಾ ಸಾರಿದಳು. "ಸೈರನ್ ಕೂಗಿದ್ರೆ ಎಲ್ಲಾ ಬಿಟ್ಟು ಓಡೋದು. ರೊಟ್ಟಿ ಯಾರೂ ಸರಿಸಲ್ಲ, ನಾನು ನೋಡ್ಕೋತೀನಿ." "ನೀನು ಓಡಲ್ವಾ?" ಎಂದು ಯಾರೋ ಕೇಳಿದರು. "ನಿಮ್ಮೆಲ್ಲರ ಹಿಂದೆ ಓಡ್ತೀನಿ," ಎಂದಳು.

ಅವತ್ತು ಅವರ ಮನೆಯಿಂದ ಎರಡು ರೊಟ್ಟಿ ಬಂದಿದ್ದವು. ಒಂದರ ಮೇಲೆ ಬೀಗದ ಕೈ, ಒಂದರ ಮೇಲೆ ಬಸವನಹುಳು. ಎರಡನ್ನೂ ಎರ್ಸಿಲಿಯಾ ಪಕ್ಕಪಕ್ಕದಲ್ಲಿ ಇಟ್ಟಳು, ಅಂಚಿಗೆ ಅಂಚು ತಾಗುವಂತೆ, ಬೆಂದ ಮೇಲೆ ಬಿಡಿಸಲು ಚಾಕು ಬೇಕಾಗುವ ಹಾಗೆ.

ಅಂಕಣ ನಿಲ್ಲಿಸುತ್ತೇನೆಂದು ನಾನು ಎರ್ಸಿಲಿಯಾಳಿಗೆ ಹೇಳಿದೆ. ಅವಳು ಒಪ್ಪಲಿಲ್ಲ. ಹನ್ನೊಂದು ಮನೆಗಳಲ್ಲಿ ನಗುವುದಕ್ಕೆ ಬೇರೇನೂ ಉಳಿದಿಲ್ಲ, ಬರಿ, ಎಂದಳು. ಬರೆದೆ. ಆದರೆ ಯುದ್ಧ ಮುಗಿಯುವವರೆಗೆ ಪ್ರತಿ ವಾರವೂ ಅಂಕಣದ ನೆತ್ತಿಯ ಮೇಲೆ, ಹೆಸರಿದ್ದ ಜಾಗದಲ್ಲಿ, ಒಂದೇ ಸಾಲು ಅಚ್ಚಾಗುತ್ತಿತ್ತು: 'ಸೈರನ್ ಕೂಗಿದರೆ ಮೊದಲು ಓಡಿ, ಆಮೇಲೆ ಓದಿ.' ಎರಡು ಸಲ ಕೂಗಿತು. ಎರಡು ಸಲವೂ ಊರು ಓಡಿತು, ನಾನು ಚಪ್ಪಟೆ ಪಾದದಲ್ಲಿ ಎಲ್ಲರ ಹಿಂದೆ, ಎರ್ಸಿಲಿಯಾ ನನ್ನ ಹಿಂದೆ.

ಬಸವನಹುಳುವಿನ ತುಂಡನ್ನು ನೆರೀನಾ ನನಗೆ ಕೊಟ್ಟಳು. ತುಲ್ಲಿಯೊ ಮರಳಿ ಬರಲಿಲ್ಲ. ಅತ್ತೆ ಸೊಸೆ ಒಂದೇ ಮನೆಯಲ್ಲಿ ಉಳಿದರು, ಬಿದ್ದ ಗೋಡೆಯನ್ನು ಇಬ್ಬರೇ ಕಟ್ಟಿದರು, ಕಟ್ಟುವಾಗ ಸುಣ್ಣ ಜರಡಿ ಹಿಡಿಯುವ ವಿಷಯಕ್ಕೆ ಜಗಳವಾಡಿದ್ದು ಬೀದಿಗೆಲ್ಲ ಕೇಳಿಸಿತು.

ಇವತ್ತು ಬೆಳಿಗ್ಗೆ ಇದನ್ನು ಬರೆಯಲು ಕೂತಾಗ, ನೀರು ಕುಡಿಯುವ ಲೋಟದಿಂದ ಒಂದು ಹನಿ ಆ ತುಂಡಿನ ಮೇಲೆ ಬಿತ್ತು. ಒರೆಸಲಿಲ್ಲ. ಸ್ವಲ್ಪ ಹೊತ್ತಿಗೆ, ಇಷ್ಟು ವರ್ಷಗಳಲ್ಲಿ ಮೊದಲ ಸಲ, ಒಂದು ಇರುವೆ ಅದರ ಮೇಲೆ ಹತ್ತಿತು. ಚಿಪ್ಪಿನ ಹೊರ ಅಂಚಿನಿಂದ ಹಿಡಿದು, ಸೊಟ್ಟಾದ ಕಡೆ ಒಂದು ಗಳಿಗೆ ತಡೆದು, ಸುರುಳಿಯ ಗೀರಿನೊಳಗೇ ಸುತ್ತುತ್ತ ಸುತ್ತುತ್ತ ನಡುವಿನ ಗುಳಿಯವರೆಗೆ ಇಳಿಯಿತು. ನಾನು ಲೇಖನಿ ಎತ್ತಿ ಹಿಡಿದು ಕಾದೆ. ಅಲ್ಲಿ ಹನಿಯಷ್ಟು ನೀರು ನಿಂತಿತ್ತು. ಇರುವೆ ಅದನ್ನು ಮುಟ್ಟಿ ನೋಡಿ, ತಿರುಗಿ, ಹೋದ ದಾರಿಯಲ್ಲೇ ಮೇಲೆ ಬಂತು.